ರಂಗಸ್ವಾಮಿ ಬೆಟ್ಟದ ವಿಮಾನ ದುರಂತ, 1950

1950ರ ಡಿಸೆಂಬರ್ 13ರಂದು ಏರ್ ಇಂಡಿಯಾದ ಡಿಸಿ-3 ವಿಮಾನವೊಂದು ನೀಲಗಿರಿಯ ಕೋಟಗಿರಿ ಸೀಮೆಯಲ್ಲಿ, ರಂಗಸ್ವಾಮಿ ಕಂಬದ ಬಳಿ ಬೆಟ್ಟಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 21 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ನೀಲಗಿರಿಯ ಪೂರ್ವದ ಅಂಚಿಗೆ ಅದು ಹಿಂಗಾರಿನ ಕಾಲ. ಬಯಲಿನಿಂದ ಗೋಡೆಯಂತೆ ಏಳುವ ಬೆಟ್ಟಸಾಲು ಮೋಡ ಕವಿದಾಗ ಎದುರಿಗಿದ್ದರೂ ಕಾಣದು. ಹೊತ್ತು, ವೇಗ, ದಿಕ್ಕುಗಳ ಲೆಕ್ಕದ ಮೇಲೆಯೇ ಬಹುಮಟ್ಟಿಗೆ ಅವಲಂಬಿಸಿದ್ದ ಅಂದಿನ ವಿಮಾನಯಾನದಲ್ಲಿ, ದಾರಿ ಕೆಲವೇ ಮೈಲಿ ತಪ್ಪಿದರೂ ಅಪಾಯ ತಪ್ಪುತ್ತಿರಲಿಲ್ಲ.

ಮೃತರಲ್ಲಿ ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್ ಮತ್ತು ಅವರ ಪತ್ನಿ ಇದ್ದರು. ಭಾರತ ಸರ್ಕಾರದ ಆಹ್ವಾನದ ಮೇರೆಗೆ ಉಪನ್ಯಾಸ ಪ್ರವಾಸದಲ್ಲಿದ್ದ ವಾಲ್ಡರು, 1951ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್ಸಿಗೆ ಬರುವವರಿದ್ದರು. 1902ರಲ್ಲಿ ಅವರು ಹುಟ್ಟಿದ ಕೊಲೊಜ್‌ವಾರ್ ಪಟ್ಟಣ ಆಗ ಹಂಗೇರಿಯಲ್ಲಿತ್ತು. ಮೊದಲ ಮಹಾಯುದ್ಧದ ತರುವಾಯ ಕ್ಲುಜ್ ಎಂಬ ಹೆಸರಿನಿಂದ ರುಮೇನಿಯಕ್ಕೆ ಸೇರಿತು. ಊರು ಬಿಡದೆಯೇ ಗಡಿಯಾಚೆಯವರಾಗುವುದೆಂದರೇನೆಂದು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಿಲ್ಲ. ಯಹೂದಿಯಾದ ಅವರು 1938ರಲ್ಲಿ ಅಮೆರಿಕ ಸೇರಿದರು. ಯುರೋಪಿನಲ್ಲೇ ಉಳಿದ ಕುಟುಂಬದ ಬಹುತೇಕರು ನಾಜಿಗಳ ಕೈಯಲ್ಲಿ ಹತರಾದರು.

ಯುದ್ಧಕಾಲದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ವಾಲ್ಡರು, ಮರಳಿ ಬಂದ ವಿಮಾನಗಳ ಮೇಲಿನ ಗುಂಡಿನ ಗುರುತುಗಳಿಂದ ಮರಳದ ವಿಮಾನಗಳಿಗೆ ಆದದ್ದನ್ನು ಅಂದಾಜಿಸುವ ವಿಧಾನವನ್ನು ರೂಪಿಸಿದರು. ಸೇನಾಧಿಕಾರಿಗಳ ತಪ್ಪನ್ನು ಅವರು ಒಂದೇ ಮಾತಿನಲ್ಲಿ ತಿದ್ದಿದರೆಂಬ ಜನಪ್ರಿಯ ಕಥೆ ಅತಿರಂಜಿತ. ಅವರ ಟಿಪ್ಪಣಿಗಳಲ್ಲಿರುವುದು ಸಂಭವನೀಯತೆಯ ಗಣಿತ. ಆದರೆ ಅದರ ತಿರುಳು ಚರಿತ್ರೆಕಾರರಿಗೂ ಸಲ್ಲುತ್ತದೆ: ನಮ್ಮ ಕೈಗೆ ಸಿಗುವ ಆಧಾರಗಳು ಉಳಿದುಬಂದವು ಮಾತ್ರ, ಅವನ್ನೇ ಸಮಗ್ರವೆಂದು ಬಗೆಯಲಾಗದು.

ಈ ದುರಂತದ ಚರಿತ್ರೆಗೇ ಆ ಎಚ್ಚರ ಅಗತ್ಯ. ವಿದ್ವತ್ಪ್ರಪಂಚ ಇದನ್ನು ವಾಲ್ಡರ ಮರಣವೆಂದೇ ಸ್ಮರಿಸುತ್ತದೆ. ಆ ದಂಪತಿಗಳ ಹೊರತಾದ 19 ಮಂದಿ ಬರಿಯ ಸಂಖ್ಯೆಯಾಗಿದ್ದಾರೆ, ಬೆಟ್ಟ ಬರಿಯ ಸ್ಥಳನಾಮವಾಗಿದೆ. ಆದರೆ ರಂಗಸ್ವಾಮಿ ಬೆಟ್ಟ ಇರುಳರಿಗೆ ಪವಿತ್ರ. ಕೋಟಗಿರಿಯ ಸುತ್ತ ಕನ್ನಡಕ್ಕೆ ನಿಕಟವಾದ ನುಡಿಯನ್ನಾಡುವ ಬಡಗರ ಹಟ್ಟಿಗಳಿವೆ. ಇಂಗ್ಲಿಷ್ ದಾಖಲೆಗಳಿಂದ ತೊಡಗಿ ಅಲ್ಲೇ ಮುಗಿಯುವ ಸಂಶೋಧನೆ, ಮರಳಿ ಬಂದ ವಿಮಾನಗಳನ್ನಷ್ಟೇ ಎಣಿಸಿದಂತೆ. ಅಂದು ಹತ್ತು ವರ್ಷದವರಾಗಿದ್ದ ಹಟ್ಟಿಯ ಮಕ್ಕಳು ಇಂದು ಎಂಬತ್ತು ದಾಟಿದ ಹಿರಿಯರು. ಅವರನ್ನು ಅವರದೇ ನುಡಿಯಲ್ಲಿ ಕೇಳಲು ಉಳಿದಿರುವ ಕಾಲ ಬಹಳಿಲ್ಲ.