ಕೊಪ್ಪಳ ಸೀಮೆಯ ಮೇಲ್ಮುದ್ದೆ ಮತ್ತು ಹೊಸ ಚಾವಣಿಯ ಶಾಖತಡೆ: ಒಂದು ಟಿಪ್ಪಣಿ

1997ರ ಆಗಸ್ಟ್ 24ರಂದು ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಕೊಪ್ಪಳದ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ಮೇಲ್ಮುದ್ದೆ ಎನ್ನುವ ಮಣ್ಣಿನ ಮಾಳಿಗೆಗಳ ಜಾಗಕ್ಕೆ ಆರ್‌ಸಿಸಿ ಮತ್ತು ತಗಡು ಬಂದಿವೆ. ಬೇಸಿಗೆಯಲ್ಲಿ ಮೇಲ್ಮುದ್ದೆ ಮಾಡುತ್ತಿದ್ದ ಕೆಲಸವನ್ನು ಹೊಸ ಚಾವಣಿಯಲ್ಲಿ ಯಾವ ವಸ್ತುವಿಗೆ ಒಪ್ಪಿಸಬಹುದು ಎಂಬುದು ಇಲ್ಲಿನ ಪ್ರಶ್ನೆ.

ಮೇಲ್ಮುದ್ದೆಯ ರಚನೆ ಹೀಗಿದೆ: ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಗಳ ಮೇಲೆ ಕಟ್ಟಿಗೆಯ ಚಕ್ಕೆ, ಬಂದರಕಿಯಂಥ ಸೊಪ್ಪು, ಆಮೇಲೆ ತುಳಿದು ಹದಗೊಳಿಸಿದ ಮಣ್ಣು. ಮೇಲ್ಪದರಕ್ಕೆ ಸವಳು ಮಣ್ಣನ್ನು ಆರಿಸುವುದಕ್ಕೆ ಕಾರಣವಿದೆ. ಸೋಡಿಯಂ ಹೆಚ್ಚಿರುವ ಈ ಮಣ್ಣು ನೆನೆದಾಗ ಅದರ ಕಣಗಳು ಚದುರಿ ಸಂದುಗಳನ್ನು ಮುಚ್ಚುತ್ತವೆ. ನೀರು ಒಳಗಿಳಿಯದೆ, ಅದನ್ನು ಹೊರಚೆಲ್ಲುವ ದೋಣಿಯ ಕಡೆ ಹರಿಯುತ್ತದೆ.

ಭಾರತೀಯ ಮಾನಕ ಬ್ಯೂರೊದ 1987ರ ಕೈಪಿಡಿಯಲ್ಲಿ ಚಾವಣಿಗೆ ಹಾಕುವ ಮಣ್ಣಿನ ಶಾಖವಾಹಕತೆ 0.519, ಆರ್‌ಸಿಸಿಯದು 1.58, ಥರ್ಮೊಕೋಲಿನದು ಸುಮಾರು 0.035 (ಮೀಟರಿಗೆ, ಪ್ರತಿ ಡಿಗ್ರಿಗೆ ವ್ಯಾಟ್). ಈ ಲೆಕ್ಕಕ್ಕೆ ಚಾವಣಿಯ ಎರಡೂ ಮೈಗೆ ತಾಗಿದ ಗಾಳಿಯ ತಡೆಯನ್ನೂ ಸೇರಿಸಿದರೆ 10 ಸೆಂ.ಮೀ. ಬರಿಯ ಸ್ಲ್ಯಾಬಿನ ಮೂಲಕ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 3.5 ವ್ಯಾಟ್ ಶಾಖ ಇಳಿಯುತ್ತದೆ; ಒಂದು ಅಡಿ ಮಣ್ಣಿನ ಮೇಲ್ಮುದ್ದೆಯಲ್ಲಿ 1.2ರ ಆಸುಪಾಸು. ವಸತಿ ಕಟ್ಟಡಗಳ ಇಂಧನ ಉಳಿತಾಯಕ್ಕಾಗಿ ಬಂದ 2018ರ ಇಕೋ-ನಿವಾಸ ಸಂಹಿತೆ ಚಾವಣಿಗೆ ವಿಧಿಸಿದ ಗರಿಷ್ಠ ಮಿತಿಯೂ 1.2. ಸಣ್ಣ ಮನೆಗಳಿಗೆ ಆ ಸಂಹಿತೆ ಕಡ್ಡಾಯವಲ್ಲ, ಆದರೆ ಒಳ್ಳೆಯ ಅಳತೆಗೋಲು.

ಮಣ್ಣಿಗೆ ಇನ್ನೊಂದು ಗುಣವಿದೆ. ಅಷ್ಟು ದಪ್ಪದ ಪದರವನ್ನು ದಾಟಲು ಮಧ್ಯಾಹ್ನದ ಕಾವಿಗೆ ಎಂಟು-ಹತ್ತು ಗಂಟೆ ಬೇಕು. ಅದು ಒಳಗೆ ತಲುಪುವ ಹೊತ್ತಿಗೆ ಮನೆಮಂದಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿರುತ್ತಿದ್ದರು. ಬೇಸಿಗೆಯ ಈ ರೂಢಿಯೂ ಮೇಲ್ಮುದ್ದೆಯೂ ಒಂದಕ್ಕೊಂದು ಹೊಂದಿಕೊಂಡಿದ್ದವು.

ಹಾಗೆಂದು ಹಳೆಯ ಮಣ್ಣನ್ನು ಹೊಸ ಸ್ಲ್ಯಾಬಿನ ಮೇಲೆ ಸುರಿಯುವುದು ಅಪಾಯಕಾರಿ. ಒಂದು ಅಡಿ ಮಣ್ಣಿನ ಭಾರ ಚದರ ಮೀಟರಿಗೆ ಅರ್ಧ ಟನ್ನಿನಷ್ಟು. ಸಾಮಾನ್ಯ ಮನೆಯ ಸ್ಲ್ಯಾಬನ್ನು ಆ ಭಾರಕ್ಕೆ ಕಟ್ಟಿರುವುದಿಲ್ಲ. 25 ಮಿ.ಮೀ. ಥರ್ಮೊಕೋಲ್ ಹಲಗೆ ಚದರ ಮೀಟರಿಗೆ ಒಂದು ಕಿಲೋ ತೂಗದೆ ಅಷ್ಟೇ ಶಾಖ ತಡೆಯುತ್ತದೆ. ಬೆಂಕಿ ಹಿಡಿಯುವ ವಸ್ತುವಾದ್ದರಿಂದ ಅದನ್ನು ಕೋಣೆಯ ಒಳಗೆ ಅಂಟಿಸದೆ ಸ್ಲ್ಯಾಬಿನ ಮೇಲೆ ಹಾಸಿ, ಗಾರೆ ಹಾಗೂ ಬಿಳಿ ಟೈಲಿನಿಂದ ಮುಚ್ಚಬೇಕು.

ತಗಡಿನ ಮನೆಗೆ ಗಂಗಾವತಿಯ ಅಕ್ಕಿ ಗಿರಣಿಗಳ ಭತ್ತದ ಹೊಟ್ಟು ಪರಿಶೀಲನೆಗೆ ಅರ್ಹ. ಒಣಗಿದ ಹೊಟ್ಟಿನ ಶಾಖವಾಹಕತೆ 0.05ರ ಸುಮಾರು. ತಗಡಿನ ಕೆಳಗೆ ಹಲಗೆಯ ಅಟ್ಟ ಕಟ್ಟಿ ನಾಲ್ಕು ಅಂಗುಲ ಹೊಟ್ಟು ಹರಡಿದರೆ ತಡೆ ಮೇಲ್ಮುದ್ದೆಗಿಂತಲೂ ಹೆಚ್ಚು. ಆದರೆ ತೇವ ತಗಲಬಾರದು, ಇಲಿ ನುಗ್ಗಬಾರದು. ಹೊಟ್ಟು ಒಳಗೊಳಗೇ ಕನಲುವುದರಿಂದ ಒಲೆಯ ಹೊಗೆಗೂಡು, ವಿದ್ಯುತ್ ತಂತಿಗಳಿಂದ ದೂರವಿರಬೇಕು.

ನಿರ್ಣಯ: ಜಂತಿ-ತೊಲೆ ಗಟ್ಟಿಯಿರುವ ಮಾಳಿಗೆಯನ್ನು ಕೆಡವದೆ ದುರಸ್ತಿ ಮಾಡುವುದೇ ಲೇಸು. ಸ್ಲ್ಯಾಬಿಗೆ ಮೇಲಿನಿಂದ ಹಲಗೆಯ ತಡೆ, ತಗಡಿಗೆ ಕೆಳಗಿನಿಂದ ಹೊಟ್ಟಿನ ತಡೆ ಸೂಕ್ತ. ಹಲಗೆಗೆ ಹಣವಿಲ್ಲದವರು ಯುಗಾದಿಗೆ ಮುಂಚೆ ಸ್ಲ್ಯಾಬಿಗೆ ದಟ್ಟವಾಗಿ ಸುಣ್ಣ ಬಳಿಯಲಿ. ಬಿಸಿಲನ್ನು ಮೇಲೆಯೇ ಹಿಂದಿರುಗಿಸುವ ಅತಿ ಅಗ್ಗದ ಉಪಾಯ ಅದು.