ಸೇಮಗೆಯ ಹೆಸರು ಹೊತ್ತ ಚೀನಿಕಾಯಿ

ಅಮೇರಿಕಲ್ಲಿಪ್ಪ ಮಕ್ಕೊ, ಸೊಸೆಕ್ಕೊ ಕಳುಸುವ ಅಡಿಗೆ ಪಟಂಗಳಲ್ಲಿ ಈಗೀಗ ಒಂದು ಹೊಸ ಪದಾರ್ಥ ಕಾಣ್ತು. ಅರಶಿನ ಬಣ್ಣ, ನೂಲು ನೂಲಾಗಿ, ಒತ್ತಿದ ಸೇಮಗೆಯ ಹಾಂಗೆ. ಸೇಮಗೆ ಅಲ್ಲ ಅಕ್ಕಂದ್ರೇ, ಅದು ಚೀನಿಕಾಯಿಯ ಬಳಗದ ಒಂದು ಕಾಯಿ. ಹೆಸರು ಸ್ಪಾಗೆಟಿ ಸ್ಕ್ವಾಷ್. ಗೋಧಿಯ ಪಾಸ್ತಾ ಬಿಟ್ಟು ಇದರ ತಿಂಬದು, ಶುಗರಿಂಗೆ ಒಳ್ಳೆದಡ, ತೂಕವೂ ಇಳಿತ್ತಡ ಹೇಳಿ ಅದರ ಕೆಳ ಒಂದು ಗೆರೆ ಬರದಿರ್ತವು. ಈ ಕಾಯಿ ಎಲ್ಲಿಂದ ಬಂತು, ಪಾಸ್ತಾದ ಜಾಗೆಲಿ ಇದರ ಕೂರ್ಸಿದ್ದು ಆರು ಹೇಳ್ತ ಕತೆ ಲಾಯಿಕ ಇದ್ದು. ಆ ಕತೆ ಗೊಂತಿದ್ದರೆ ಇದರ ಬಟ್ಲಿಂಗೆ ಹೇಂಗೆ ಬಳುಸೆಕ್ಕು ಹೇಳುದೂ ಗೊಂತಾವ್ತು.

ಸಸ್ಯಶಾಸ್ತ್ರದವು ಇದರ ಕುಕುರ್ಬಿಟಾ ಪೆಪೊ ಹೇಳ್ತವು. ಈಗ ಪೇಟೆಲಿ ಸಿಕ್ಕುವ ಹಸುರು ಜುಕಿನಿಯೂ ಅದೇ ಜಾತಿ. ಮೆಕ್ಸಿಕೋ ದೇಶದ ಒಹಾಕಾ ಪ್ರಾಂತ್ಯಲ್ಲಿ ಗಿಲಾ ನಕೀಟ್ಜ್ ಹೇಳುವ ಒಂದು ಗುಹೆ ಇದ್ದು. ಅಲ್ಲಿ ಸಿಕ್ಕಿದ ಹಳೇ ಬಿತ್ತುಗಳ ಬ್ರೂಸ್ ಸ್ಮಿತ್ ಹೇಳ್ತ ವಿಜ್ಞಾನಿ ಪರೀಕ್ಷೆ ಮಾಡಿ, ಸುಮಾರು 10,000 ವರ್ಷ ಹಿಂದೆಯೇ ಜೆನಂಗೊ ಇದರ ಬೆಳಶಿಗೊಂಡಿತ್ತಿದ್ದವು ಹೇಳಿ 1997ರಲ್ಲಿ ತೋರ್ಸಿಕೊಟ್ಟವು. ಜೋಳಂದಲೂ ಹಳೇ ಬೆಳೆ ಆತು ಇದು. ಆದರೆ ಅಂಬಗ ಆರೂ ತಿರುಳಿನ ಆಶೆಗೆ ಬೆಳಶಿದ್ದಲ್ಲ. ಕಾಡುಕಾಯಿಯ ತಿರುಳು ಬರೀ ಕೈಕ್ಕೆ. ಬಿತ್ತು ತಿಂಬಲೆ ಬೇಕಾಗಿ ಸಾಂಕಿದ್ದು. ವರ್ಷ ವರ್ಷ ಕೈಕ್ಕೆ ಕಡಮ್ಮೆ ಇಪ್ಪ ಕಾಯಿಯ ಬಿತ್ತನ್ನೇ ತೆಗದು ಮಡುಗಿ ಮಡುಗಿ, ತಿಂತ ಹಾಂಗಿಪ್ಪ ಕಾಯಿ ಬಂತು.

ನಮ್ಮ ತೋಟಲ್ಲಿ ಹಬ್ಬುವ ಚೀನಿಕಾಯಿಯೂ ಅಮೇರಿಕಾ ಖಂಡದ್ದೇ, ಗೊಂತಿದ್ದಾ? ಅದು ಬೇರೆ ಜಾತಿ, ಮೊಸ್ಕಾಟಾ ಹೇಳ್ತವು. ಕೊಲಂಬಸ್ 1492ರಲ್ಲಿ ಆಚ ಕರೆಗೆ ಹೋದ ಮತ್ತೆ ಮೆಣಸು, ಬಟಾಟೆ, ಟೊಮೆಟೊ ಎಲ್ಲ ಹಡಗು ಹತ್ತಿ ಬಂದ ಹಾಂಗೆ ಇದುದೇ ಬಂದದು. ಹೆಸರಿಲಿ ಮಾಂತ್ರ ಚೀನ.

ಸ್ಪಾಗೆಟಿ ಸ್ಕ್ವಾಷಿನ ಹೆಸರೂ ಹಾಂಗೇ. ಹೆಸರಿಲಿ ಇಟಲಿ ಇದ್ದು, ಆದರೆ ಇಟಲಿಗೂ ಅದಕ್ಕೂ ಎಂತ ಸಂಬಂಧವೂ ಇಲ್ಲೆ. ನೂಲು ಬಿಡ್ತ ಈ ತಳಿಯ ಬೆಳೆಶಿ ತಿಂದುಗೊಂಡಿದ್ದದು ಚೀನಾ, ಜಪಾನಿನವು. ಜಪಾನಿಲಿ ಸೋಮೆನ್ ಹೇಳಿರೆ ಗೋಧಿಯ ಸಪೂರ ಸೇಮಗೆ. ಈ ಕಾಯಿಗೆ ಅಲ್ಲಿ ಸೋಮೆನ್ ಕಬೊಚಾ ಹೇಳಿಯೇ ಹೆಸರು, ಸೇಮಗೆ ಕುಂಬಳ ಹೇಳಿದ ಹಾಂಗೆ. ಕಿನ್‌ಶಿ ಉರಿ ಹೇಳಿಯೂ ಹೇಳ್ತವು, ಚಿನ್ನದ ನೂಲಿನ ಕಾಯಿ ಹೇಳಿ ಅರ್ಥ. ಅಲ್ಲಿ ಮಾಡ್ತ ಕ್ರಮ ಕೇಳಿ: ಕಾಯಿಯ ಅಡ್ಡಕೆ ಬಳೆ ಬಳೆಯಾಗಿ ಕೊರದು, ಬಿತ್ತು ತೆಗದು, ನೀರಿಲಿ ಬೇಶಿ, ತಣ್ಣೀರಿಂಗೆ ಹಾಕಿ ಬೆರಳಿಲಿ ಹಗೂರಕ್ಕೆ ಬಿಡುಸಿರೆ ನೂಲು ತನ್ನಷ್ಟಕೆ ಬಿಚ್ಚಿ ಬತ್ತು. ಅದರ ಮೇಗೆ ಹುಳಿ, ಸಕ್ಕರೆ, ಸೋಯಾ ಸಾಸ್ ಸೇರ್ಸಿ, ತಣುದ್ದರ ತಿಂತವು. ಚೀನಾದ ಶಾಂಘೈ ಹತ್ತರೆ ಚೊಂಗ್‌ಮಿಂಗ್ ಹೇಳಿ ಒಂದು ದ್ವೀಪ ಇದ್ದು, ಅಲ್ಯಾಣವಕ್ಕೆ ಇದು ಊರಿನ ಹೆಮ್ಮೆಯ ಕಾಯಿ. ಅವುದೇ ಎಳ್ಳೆಣ್ಣೆ ಹಾಕಿ ತಣುದ್ದೇ ತಿಂಬದು. ಬಾಯಿಲಿ ಕರುಂ ಕುರುಂ ಹೇಳೆಕ್ಕು, ಮೆತ್ತಂಗೆ ಅಪ್ಪಲಾಗ.

ಇದರ ರಜ ಗಮನಿಸಿ. ಸೇಮಗೆಯ ಹೆಸರು ಮಡುಗಿದವೂ ಸೇಮಗೆಯ ಬದಲಿಂಗೆ ಇದರ ತಿಂದಿದವಿಲ್ಲೆ. ಅನ್ನದ ಕರೆಲಿ, ನಮ್ಮ ಕೋಸಂಬರಿಯ ಹಾಂಗೆ ಒಂದು ಮುಷ್ಟಿ ಬಳುಸಿದ್ದು ಅಷ್ಟೆ.

ಬದಲಿ ಹೇಳ್ತ ಆಲೋಚನೆ ಹುಟ್ಟಿದ್ದು ಬಿತ್ತಿನ ವ್ಯಾಪಾರಲ್ಲಿ. ಯೊಕೊಹಾಮಾದ ಸಕಾಟಾ ಹೇಳ್ತ ಬಿತ್ತಿನ ಕಂಪೆನಿ 1930ರ ದಶಕಲ್ಲಿ ಈ ಕಾಯಿಯ ಒಳ್ಳೆ ತಳಿ ಹೆರ ತಂತು. 1936ರಲ್ಲಿ ಅಮೇರಿಕಾದ ಫಿಲಡೆಲ್ಫಿಯಾದ ಬರ್ಪಿ ಕಂಪೆನಿ ಅದರ ತನ್ನ ಪಟ್ಟಿಲಿ ಹಾಕಿತ್ತು. ಅಂಬಗ ಅಲ್ಯಾಣ ಹೆಮ್ಮಕ್ಕೊ ಬರ್ಪಿಯ ಪಟ್ಟಿ ನೋಡಿ ಅಂಚೆಲಿ ಬಿತ್ತು ತರುಸುವ ಕ್ರಮ. ಜಪಾನಿನ ಹೆಸರು ಹೇಳಿರೆ ಆರಿಂಗೆ ಅರ್ಥ ಆವ್ತು? ವೆಜಿಟೆಬಲ್ ಸ್ಪಾಗೆಟಿ ಹೇಳಿ ಮಡುಗಿದವು. ಅಂದ್ರಾಣ ಅಮೇರಿಕಲ್ಲಿ ಕೈಲಿ ಪೈಸೆ ಇಲ್ಲದ್ದ ಕಾಲ, ಕೆಲಸ ಇಲ್ಲದ್ದವು ರಾಶಿ. ಕಡಮ್ಮೆ ಕ್ರಯಲ್ಲಿ ಹೊಟ್ಟೆ ತುಂಬುತ್ತು ಹೇಳಿ ಸ್ಪಾಗೆಟಿ ಮನೆ ಮನೆಯ ಊಟ ಆಗಿತ್ತು. ಆ ಹೆಸರು ಹಿಡುದತ್ತು. ಎನ್ನ ಕೇಳಿರೆ, ಈ ಕಾಯಿಯ ಹಣೆಬರಹ ಬರದ್ದು ಆ ಒಂದು ಹೆಸರೇ. ಕೋಸಂಬರಿ ಆಗಿದ್ದದು ಊಟ ಆತು.

ಆದರೂ ಮತ್ತಾಣ ಮೂವತ್ತು ನಲುವತ್ತು ವರ್ಷ ಅದು ಹಿತ್ತಿಲಿನ ಕೌತುಕದ ಕಾಯಿಯಾಗಿಯೇ ಒಳುದತ್ತು. ಅಂಗಡಿಗೆ ತಂದದು ಒಂದು ಹೆಮ್ಮಕ್ಕೊ, ಫ್ರೀಡಾ ಕ್ಯಾಪ್ಲಾನ್ ಹೇಳಿ. ಇವರ ವಿಷಯ ಹೇಳದ್ದೆ ಮುಂದೆ ಹೋಪಲೆ ಎನಗೆ ಮನಸ್ಸು ಬತ್ತಿಲ್ಲೆ. 1923ರಲ್ಲಿ ಹುಟ್ಟಿದವು. ಮಗಳು ಹುಟ್ಟಿದ ಮತ್ತೆ ಲೆಕ್ಕ ಬರವ ಕೆಲಸಕ್ಕೆ ಹೇಳಿ 1956ರಲ್ಲಿ ಲಾಸ್ ಏಂಜಲಿಸಿನ ತರಕಾರಿ ಮಂಡಿಗೆ ಹೋದವು. ನೆರೆಕರೆ ಅಂಗಡಿಯವು ಎಲ್ಲ ಗೆಂಡುಮಕ್ಕೊ, ನಡು ಇರುಳು ಲಾರಿ ಬಂದು ಬೈಲಾಗುವಂದ ಮದಲು ವ್ಯಾಪಾರ ಮುಗಿವ ಜಾಗೆ. ಅಲ್ಲಿ ಅಣಬೆ ಮಾರಿ ಹೆಸರು ತೆಗದು, 1962ರಲ್ಲಿ ಸ್ವಂತ ವ್ಯಾಪಾರ ಸುರು ಮಾಡಿದವು. ಆ ಮಂಡಿಲಿ ಹಾಂಗೆ ಮಾಡಿದ ಸುರುವಾಣ ಹೆಮ್ಮಕ್ಕೊ ಅವು. ಇನ್ನೊಬ್ಬ ಬೇಡ ಹೇಳಿದ ಹಣ್ಣು, ಕಾಯಿ ಎಲ್ಲ ಇವು ತೆಕ್ಕೊಂಡವು. ಅಮೇರಿಕಾದವಕ್ಕೆ ಕಿವಿ ಹಣ್ಣು ಗೊಂತಾದ್ದು ಇವರಿಂದಾಗಿ. 1970ರ ದಶಕಲ್ಲಿ ಸ್ಪಾಗೆಟಿ ಸ್ಕ್ವಾಷಿನ ಹಿಡುದವು. ಅವರ ಬುದ್ಧಿ ಎಂತ ಹೇಳಿರೆ, ಗೊಂತಿಲ್ಲದ್ದ ಕಾಯಿಯ ಬರೇ ರಾಶಿ ಹಾಕಿದ್ದಿಲ್ಲೆ. ಇದರ ಹೇಂಗೆ ಬೇಶುದು ಹೇಳಿ ಚೀಟಿ ಅಂಟುಸಿ ಮಾರಿದವು. ತರಕಾರಿ ತೆಕ್ಕೊಂಬವಕ್ಕೆ ಎಂತ ಬೇಕು ಹೇಳಿ ಅಡಿಗೆ ಒಲೆ ಕಂಡವಕ್ಕೆ ಗೊಂತಿರ್ತು. 1990ರಲ್ಲಿ ವ್ಯಾಪಾರವ ಇಬ್ರು ಮಗಳಕ್ಕೊಗೆ ವಹಿಸಿಕೊಟ್ಟು, 2020ರಲ್ಲಿ 96 ವರ್ಷಲ್ಲಿ ತೀರಿಗೊಂಡವು.

ಅದೇ ಹೊತ್ತಿಂಗೆ, 1972ರಲ್ಲಿ, ಅಟ್ಕಿನ್ಸ್ ಹೇಳ್ತ ಡಾಕ್ಟ್ರು ಅನ್ನ, ಬ್ರೆಡ್ಡು, ಸಕ್ಕರೆ ಕಡಮ್ಮೆ ಮಾಡೆಕ್ಕು ಹೇಳಿ ಪುಸ್ತಕ ಬರದವು. ಆ ಪಥ್ಯ ಹಿಡುದವಕ್ಕೆ ಪಾಸ್ತಾದ ಆಶೆ ಬಿಡೆಕ್ಕನ್ನೆ, ಈ ಕಾಯಿ ಕೈಗೆ ಸಿಕ್ಕಿತ್ತು. ಇನ್ನೊಂದು ಕೂಟದವಕ್ಕೆ ಇದು ಶೋಕಿ ಅಲ್ಲ, ಅಗತ್ಯ. ಸೀಲಿಯಾಕ್ ಹೇಳ್ತ ಸೀಕಿಲಿ ಗೋಧಿ ತಿಂದರೆ ಕರುಳು ಹಾಳಾವ್ತು. ಅದಕ್ಕೆ ಗೋಧಿಯೇ ಕಾರಣ ಹೇಳಿ ಕಂಡುಹಿಡುದ್ದು ನೆದರ್ಲೆಂಡಿನ ಮಕ್ಕಳ ಡಾಕ್ಟ್ರು ವಿಲ್ಲೆಮ್ ಡಿಕ್ಕೆ. 1950ರಲ್ಲಿ ಅವು ಅದರ ಪ್ರಬಂಧವಾಗಿ ಬರದವು. ಹಾಂಗಿಪ್ಪ ಸೀಕಿನ ಒಂದು ಮಗುವಿಂಗೆ ಒಡಹುಟ್ಟಿದವರ ಒಟ್ಟಿಂಗೆ ಕೂದು ಟೊಮೆಟೊ ಸಾಸ್ ಹಾಕಿದ ನೂಲು ತಿಂಬಲೆಡಿತ್ತು ಹೇಳಿರೆ, ಅದು ಸಣ್ಣ ವಿಷಯ ಅಲ್ಲ.

ಈಗ ಲೆಕ್ಕ. ಬೇಶಿದ ಸ್ಪಾಗೆಟಿ ಒಂದು ಕಪ್ಪಿಲಿ ಸುಮಾರು 220 ಕ್ಯಾಲರಿ, 43 ಗ್ರಾಂ ಪಿಷ್ಟ, 8 ಗ್ರಾಂ ಪ್ರೊಟೀನು. ಈ ಕಾಯಿಯ ನೂಲಿಲಿ 42 ಕ್ಯಾಲರಿ, 10 ಗ್ರಾಂ ಪಿಷ್ಟ, ಪ್ರೊಟೀನು ಒಂದೇ ಗ್ರಾಂ. ಒಳುದ್ದು ಹೆಚ್ಚಿನದ್ದು ನೀರು. ತೂಕ ಇಳಿವಲೆ ಅಕ್ಕು, ಒಪ್ಪುತ್ತೆ. ಆದರೆ ಕಣ್ಣಿಂಗೆ ಬಟ್ಲು ತುಂಬಿದ ಹಾಂಗೆ ಹೊಟ್ಟೆ ತುಂಬುತ್ತಿಲ್ಲೆ. ಬೆಳೆತ್ತ ಮಕ್ಕೊಗೆ, ಬಸರಿಗೆ, ಬಚ್ಚಿದ ಪ್ರಾಯದವಕ್ಕೆ ಇದರನ್ನೇ ಊಟ ಹೇಳಿ ಬಳುಸಲಾಗ. ಇನ್ಸುಲಿನ್ ತೆಕ್ಕೊಂಬವು ಇಪ್ಪ ಮನೆಲಿ ಇನ್ನೂ ಜಾಗ್ರತೆ ಬೇಕು. ಯೇವಗಾಣಷ್ಟೇ ಇನ್ಸುಲಿನ್ ಚುಚ್ಚಿಗೊಂಡು, ಅನ್ನದ ಜಾಗೆಲಿ ಈ ನೂಲು ಮಾಂತ್ರ ತಿಂದರೆ ಶುಗರು ತೀರಾ ಕೆಳ ಇಳಿಗು. ಬೆಗರಿ, ನಡುಗಿ, ತಲೆತಿರುಗಿ ಬೀಳುಗು. ಊಟ ಬದಲುಸುವಂದ ಮದಲು ಡಾಕ್ಟ್ರ ಹತ್ತರೆ ಕೇಳಿಯೇ ಬದಲುಸೆಕ್ಕು. ಪಟದ ಕೆಳಾಣ ಗೆರೆಲಿ ಈ ಮಾತು ಇರ್ತಿಲ್ಲೆ.

ಬೇಶುವ ಕ್ರಮ ಈಗಾಗಲೇ ಅರ್ಧ ಹೇಳಿ ಆತು. ನೂಲು ಕಾಯಿಯ ಸುತ್ತ ಅಡ್ಡಕೆ ಸುತ್ತಿಗೊಂಡಿರ್ತು, ಉದ್ದಕೆ ಅಲ್ಲ. ಹಾಂಗಾಗಿ ಅಡ್ಡಕೆ ಕೊರದರೆ ಉದ್ದ ನೂಲು, ಉದ್ದಕೆ ಸೀಳಿರೆ ತುಂಡು ತುಂಡು. ಅಮೇರಿಕಾದ ಹೆಚ್ಚಿನವು ಉದ್ದಕೆ ಸೀಳಿ ಮತ್ತೆ ನೂಲು ಗಿಡ್ಡ ಆತು ಹೇಳ್ತವು, ಜಪಾನಿನವರ ಬಳೆ ನೋಡಿದ್ದರೆ ಗೊಂತಾವ್ತಿತ್ತು. ಓವನಿಲಿ ಆದರೆ 200 ಡಿಗ್ರಿಲಿ ಸುಮಾರು 40 ನಿಮಿಷ. ಚೋಲಿ ಭಾರೀ ಗಟ್ಟಿ, ಪೀಶಕತ್ತಿ ಜಾರುಗು, ಕೈ ಜಾಗ್ರತೆ. ಇಡೀ ಕಾಯಿಯ ಮೈಕ್ರೋವೇವಿಲಿ ಮಡುಗುತ್ತರೆ ನಾಲ್ಕೈದು ದಿಕ್ಕೆ ತೂತು ಮಾಡದ್ದೆ ಮಡುಗಲಾಗ, ಒಳ ಹಬೆ ತುಂಬಿ ಒಡೆತ್ತು. ಹೆಚ್ಚು ಬೆಂದರೆ ನೂಲು ಹೋಗಿ ಮುದ್ದೆ. ಬಿಡುಸಿದ ಮತ್ತೆ ರಜ ಉಪ್ಪು ಬೆರುಸಿ, ತೂತಿನ ಪಾತ್ರಲ್ಲಿ ಹತ್ತು ನಿಮಿಷ ಮಡುಗಿ ನೀರು ಇಳುಶೆಕ್ಕು. ಇಲ್ಲದ್ರೆ ಸಾಸ್ ಎಲ್ಲ ನೀರು ನೀರು.

ಕೊರದಪ್ಪಗ ಒಂದು ಚೂರು ನಾಲಗೆಗೆ ಮುಟ್ಟುಸಿ ನೋಡಿ, ಮುಳ್ಳುಸೌತೆಗೆ ನಾವು ನೋಡ್ತ ಹಾಂಗೆ. ಕೈಕ್ಕೆ ಇದ್ದರೆ ಇಡೀ ಕಾಯಿಯ ಇಡ್ಕಿ, ಬೇಶಿರೂ ಆ ಕೈಕ್ಕೆಯ ವಿಷ ಹೋವ್ತಿಲ್ಲೆ. ಹಿತ್ತಿಲಿಲಿ ಚೆಂದಕ್ಕೆ ಬೆಳಶುವ ಕಾಯಿಬಳ್ಳಿಯ ಪರಾಗ ತಾಗಿದ ಬಿತ್ತಿನ ಮತ್ತಾಣ ವರ್ಷ ಹಾಕಿರೆ ಹೀಂಗೆ ಅಪ್ಪದಿದ್ದು.

ಬಳುಸುದು ಹೇಂಗೆ ಹೇಳಿ ಕೇಳಿರೆ, ಎನಗೆ ಚೊಂಗ್‌ಮಿಂಗಿನವರ ಕ್ರಮವೇ ಸರಿ ಕಾಣ್ತು. ಅಲ್ಲಿಪ್ಪ ನಮ್ಮವು ಎಳ್ಳೆಣ್ಣೆಯ ಬದಲು ತೆಂಗಿನೆಣ್ಣೆಲಿ ಸಾಸಮೆ, ಒಣಕ್ಕು ಮೆಣಸು, ಬೇನ್ಸೊಪ್ಪು ಒಗ್ಗರಣೆ ಹಾಕಿ, ಕಾಯಿತುರಿ ಉದುರ್ಸಿ, ನಿಂಬೆಹುಳಿ ಹಿಂಡಿರಾತು. ಪಾಸ್ತಾದ ಹಾಂಗೆಯೇ ಆಯೆಕ್ಕು ಹೇಳಿ ಮಕ್ಕೊ ಹಠ ಮಾಡಿರೆ, ಅರ್ಧ ಗೋಧಿಯ ಸ್ಪಾಗೆಟಿ, ಅರ್ಧ ಈ ನೂಲು ಬೆರುಸಿ, ಸಾಸಿಂಗೆ ಬೇಶಿದ ಕಡ್ಲೆಯೋ ರಾಜ್ಮವೋ ಒಂದು ಮುಷ್ಟಿ ಹಾಕಿ. ಒಳುದ ನೂಲಿನ ಫ್ರಿಜ್ಜಿಲಿ ಮೂರು ದಿನ ಮಡುಗಲಕ್ಕು, ತೆಗವಗ ಇನ್ನೊಂದರಿ ನೀರು ಹಿಂಡೆಕ್ಕಕ್ಕು.