ಕಾಞಂಗಾಡಿನ ಆನಂದಾಶ್ರಮ: ಹೋಗುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಕಾಸರಗೋಡು ಜಿಲ್ಲೆಯ ಹೊಸದುರ್ಗ ತಾಲೂಕಿನಲ್ಲಿ, ಕಾಞಂಗಾಡ್ ಪೇಟೆಯಿಂದ ಪೂರ್ವಕ್ಕೆ ಸುಮಾರು 5 ಕಿ.ಮೀ. ದೂರದಲ್ಲಿ ಆನಂದಾಶ್ರಮವಿದೆ. ಹಿಂದೆ ಗುಡ್ಡ, ಸುತ್ತ ತೆಂಗು, ಮಾವು, ಗೇರು ಮರಗಳು. ಧ್ಯಾನ, ಜಪ, ಮೌನ ಬಯಸಿ ಹೋಗುವವರಿಗೆ ಗಡಿನಾಡಿನಲ್ಲಿ ಹೆಚ್ಚು ಪರಿಚಿತವಾದ ತಾಣಗಳಲ್ಲಿ ಇದೂ ಒಂದು.

ಹಿನ್ನೆಲೆ

ಆಶ್ರಮವನ್ನು 1931ರಲ್ಲಿ ಸ್ಥಾಪಿಸಿದವರು ಸ್ವಾಮಿ ರಾಮದಾಸರು ಮತ್ತು ಮಾತಾಜಿ ಕೃಷ್ಣಾಬಾಯಿ. ಭಕ್ತರು ರಾಮದಾಸರನ್ನು 'ಪಪ್ಪಾ' ಎಂದೇ ಕರೆಯುತ್ತಾರೆ. 1884ರಲ್ಲಿ ಹೊಸದುರ್ಗದ ಸಾರಸ್ವತ ಕುಟುಂಬದಲ್ಲಿ ಹುಟ್ಟಿದ ಅವರ ಮೊದಲ ಹೆಸರು ವಿಠ್ಠಲ ರಾವ್. ಮುಂಬಯಿಯಲ್ಲಿ ಜವಳಿ ತಂತ್ರಜ್ಞಾನ ಕಲಿತು, ಮಂಗಳೂರಿನಲ್ಲಿ ಸೀರೆಗಳಿಗೆ ಬಣ್ಣ ಹಾಕುವ, ಅಚ್ಚೊತ್ತುವ ಉದ್ಯಮ ನಡೆಸಿದರು. ಉದ್ಯಮ ಕೈ ಹಿಡಿಯಲಿಲ್ಲ, ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಆ ದಿನಗಳಲ್ಲಿ ತಂದೆಯೇ ಅವರಿಗೆ 'ಓಂ ಶ್ರೀ ರಾಮ್ ಜಯ ರಾಮ್ ಜಯ ಜಯ ರಾಮ್' ಮಂತ್ರವನ್ನು ಉಪದೇಶಿಸಿದರು. 1922ರ ಕೊನೆಯಲ್ಲಿ ಮನೆ ಬಿಟ್ಟು ಹೊರಟ ಅವರು ತಿರುವಣ್ಣಾಮಲೆಯಲ್ಲಿ ರಮಣ ಮಹರ್ಷಿಗಳ ದರ್ಶನ ಪಡೆದು, ಅರುಣಾಚಲದ ಗುಹೆಯಲ್ಲಿ ಕೆಲವು ವಾರ ಇದ್ದರು. ಮುಂದೆ ಉತ್ತರ ಭಾರತವನ್ನೆಲ್ಲ ಸುತ್ತಿದರು.

ಕನ್ನಡ ನಾಡಿಗೂ ಈ ಯಾತ್ರೆಗೂ ನಂಟಿದೆ. ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ಅವರು ತಂಗಿದ್ದಾಗ ಹೆಂಡತಿ ಮತ್ತು ಮಗಳು ಅಲ್ಲಿಗೇ ಬಂದು ಅವರನ್ನು ಕಂಡರು. ಆ ಬಳಿಕ ಊರ ಕಡೆ ಬಂದ ರಾಮದಾಸರು ಮಂಗಳೂರಿನ ಕದ್ರಿ ಗುಡ್ಡದ ಪಾಂಡವರ ಗುಹೆಯಲ್ಲಿ ಉಳಿದು ತಮ್ಮ ಯಾತ್ರೆಯ ಅನುಭವವನ್ನು ಇಂಗ್ಲಿಷಿನಲ್ಲಿ ಬರೆದರು. 'ಇನ್ ಕ್ವೆಸ್ಟ್ ಆಫ್ ಗಾಡ್' ಎಂಬ ಆ ಪುಸ್ತಕ ಇಂದಿಗೂ ಓದುಗರನ್ನು ಪಡೆದಿದೆ. ಅವರ ಮೊದಲ ಆಶ್ರಮ ಇದ್ದದ್ದು ಕಾಸರಗೋಡಿನ ಪಿಲಿಕುಂಜೆಯಲ್ಲಿ. ಅದನ್ನು ಬಿಟ್ಟ ಮೇಲೆ ಕಾಞಂಗಾಡಿನ ಆಶ್ರಮ ಎದ್ದಿತು. ರಾಮದಾಸರು 1963ರಲ್ಲಿ, ಕೃಷ್ಣಾಬಾಯಿ 1989ರಲ್ಲಿ ತೀರಿಕೊಂಡರು. ಅನಂತರ ಆಶ್ರಮದ ಹೊಣೆ ಹೊತ್ತ ಸ್ವಾಮಿ ಸಚ್ಚಿದಾನಂದರು 2008ರಲ್ಲಿ ಅಗಲಿದರು.

ಅಲ್ಲಿ ಏನು ನಡೆಯುತ್ತದೆ?

ಆಶ್ರಮದ ಮುಖ್ಯ ಸಾಧನೆ ರಾಮನಾಮ. ಬೆಳಗಿನಿಂದ ರಾತ್ರಿಯವರೆಗೆ ಭಜನಾ ಮಂದಿರದಲ್ಲಿ ನಾಮಜಪ ಸಾಗುತ್ತದೆ. ಬಂದವರು ಎಷ್ಟು ಹೊತ್ತು ಬೇಕಾದರೂ ಕುಳಿತು ದನಿ ಸೇರಿಸಬಹುದು, ಸುಮ್ಮನೆ ಕೇಳಲೂಬಹುದು. ಮಂತ್ರ ಒಂದೇ ಆದ್ದರಿಂದ ಮಲಯಾಳ, ಕನ್ನಡ, ತುಳು, ಕೊಂಕಣಿ ಯಾವ ಮಾತಿನವರಿಗೂ ತೊಡಕಿಲ್ಲ. ಗೋಶಾಲೆ ಇದೆ, ಪುಸ್ತಕಗಳೂ ಸಿಗುತ್ತವೆ. ಆಶ್ರಮದ 'ದಿ ವಿಷನ್' ಎಂಬ ಇಂಗ್ಲಿಷ್ ಮಾಸಿಕ 1933ರಲ್ಲಿ ಆರಂಭವಾಯಿತು. ಸಂಜೆ ಗುಡ್ಡ ಹತ್ತಿದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟದ ಸಾಲು.

ಇದು ರೆಸಾರ್ಟ್ ಅಲ್ಲ. ಎಣ್ಣೆ ತಿಕ್ಕುವ ಚಿಕಿತ್ಸೆ, ಯೋಗದ ಪ್ಯಾಕೇಜ್ ಮುಂತಾದವನ್ನು ನಿರೀಕ್ಷಿಸಿ ಹೋಗುವವರಿಗೆ ನಿರಾಸೆಯಾದೀತು. ಊಟ ಸಾದಾ, ಸಸ್ಯಾಹಾರ.

ಹೋಗುವ ದಾರಿ

ಮಂಗಳೂರಿನಿಂದ ಕಾಞಂಗಾಡಿಗೆ ಸುಮಾರು 75 ಕಿ.ಮೀ. ರೈಲು ಅನುಕೂಲ. ಕಾಸರಗೋಡಿನಿಂದ ಬಸ್ಸಿನಲ್ಲಿ ಎರಡು ದಾರಿ: ರಾಷ್ಟ್ರೀಯ ಹೆದ್ದಾರಿಯಲ್ಲಿ ಮಾವುಂಗಾಲ್ ಮೂಲಕ ಒಂದು, ಚಂದ್ರಗಿರಿ ಸೇತುವೆ ದಾಟಿ ಬೇಕಲದ ಮೂಲಕ ಮತ್ತೊಂದು. ಹೆದ್ದಾರಿಯ ಬಸ್ಸು ಹಿಡಿದವರು ಮಾವುಂಗಾಲಿನಲ್ಲೇ ಇಳಿಯುವುದು ಒಳ್ಳೆಯದು, ಆಶ್ರಮ ಅಲ್ಲಿಂದ ಹತ್ತಿರ. ಕೊಡಗಿನವರಿಗೆ ಭಾಗಮಂಡಲ, ಪಾಣತ್ತೂರು ಮೂಲಕ ರಸ್ತೆ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಜೋರು. ನವೆಂಬರ್‌ನಿಂದ ಫೆಬ್ರವರಿ ತನಕದ ದಿನಗಳು ಹಿತ.

ಗಮನಿಸಬೇಕಾದದ್ದು

- ರಾತ್ರಿ ಉಳಿಯುವುದಾದರೆ ಮುಂಚಿತವಾಗಿ ಆಶ್ರಮಕ್ಕೆ ಬರೆದು ಒಪ್ಪಿಗೆ ಪಡೆಯಬೇಕು. ನೇರ ಹೋದರೆ ಕೋಣೆ ಸಿಕ್ಕೀತೆಂಬ ಭರವಸೆ ಇಲ್ಲ.
- ಗುರುತಿನ ಚೀಟಿ, ಟಾರ್ಚ್, ನಿತ್ಯದ ಔಷಧಿ ಜೊತೆಗಿರಲಿ.
- ಉಡುಪು ಸರಳವಾಗಿರಲಿ. ಮಂದಿರದೊಳಗೆ ಮೊಬೈಲ್ ಬಂದ್ ಮಾಡಬೇಕು. ಫೋಟೋ ತೆಗೆಯುವ ಮೊದಲು ಕೇಳಬೇಕು.
- ಸಣ್ಣ ಮಕ್ಕಳಿದ್ದರೆ ಮೊದಲು ಒಂದು ಹಗಲು ಹೋಗಿ ಬಂದು ನೋಡುವುದು ಲೇಸು.

ಸಾಲ, ಬೆಳೆ ನಷ್ಟ, ಮನೆಯ ಜಗಳದಿಂದ ಬೇಸತ್ತು ಇಂಥ ತಾಣಗಳಿಗೆ ಬರುವವರು ಕಡಿಮೆಯಲ್ಲ. ರಾಮದಾಸರೂ ಅದೇ ಸಂಕಟದಿಂದ ಹೊರಟವರು. ಆದರೆ ಎಲ್ಲರೂ ಮನೆ ಬಿಡಬೇಕೆಂದು ಅವರು ಬೋಧಿಸಲಿಲ್ಲ. ಸಂಸಾರದಲ್ಲಿದ್ದು, ಕೈಗೆ ಬಂದ ಕೆಲಸ ಮಾಡುತ್ತಲೇ ನಾಮ ಹಿಡಿಯಿರಿ ಎಂಬುದೇ ಅವರ ಉಪದೇಶದ ತಿರುಳು. ಆದ್ದರಿಂದ ಮನೆಯವರಿಗೆ ತಿಳಿಸಿ, ಹಿಂದಿರುಗುವ ದಿನ ಹೇಳಿಯೇ ಹೊರಡುವುದು ಸರಿ. ವಾರಗಟ್ಟಲೆ ನಿದ್ದೆ ಬಾರದಿರುವುದು, ಬದುಕೇ ಬೇಡವೆನಿಸುವುದು ಇದ್ದರೆ ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡಬಹುದು. ಜಪ ಮನಸ್ಸಿಗೆ ಆಸರೆಯಾದೀತು, ಔಷಧಿಯ ಬದಲಿಗೆ ಬಾರದು.

ಸಮೀಪದಲ್ಲಿ

ಕಾಞಂಗಾಡ್ ಪೇಟೆಯ ದಕ್ಷಿಣಕ್ಕೆ ನಿತ್ಯಾನಂದಾಶ್ರಮವಿದೆ. ಮುಂದೆ ಗಣೇಶಪುರಿಯಲ್ಲಿ ನೆಲೆಸಿ 1961ರಲ್ಲಿ ಸಮಾಧಿಯಾದ ಸ್ವಾಮಿ ನಿತ್ಯಾನಂದರು ಇಲ್ಲಿ ಮುರಕಲ್ಲಿನಲ್ಲಿ ಕೊರೆಸಿದ ಗುಹೆಗಳನ್ನು ಇಂದಿಗೂ ಕಾಣಬಹುದು. ಪೇಟೆಯ ಹಳೆ ಕೋಟೆ ಕೆಳದಿ ನಾಯಕರ ಕಾಲದ್ದು. ಹೊಸದುರ್ಗ ಎಂಬ ಅಚ್ಚ ಕನ್ನಡದ ಹೆಸರು ಊರಿಗೆ ಬಂದದ್ದು ಅದರಿಂದಲೇ. 1956ರ ನವೆಂಬರ್ 1ರಂದು ಈ ಸೀಮೆ ಕೇರಳಕ್ಕೆ ಸೇರಿದರೂ ತಾಲೂಕಿನ ಹೆಸರು ಅಳಿದಿಲ್ಲ. ಬೆಳಗಿನ ರೈಲಿಗೆ ಹೊರಟರೆ ಆಶ್ರಮ, ಗುಹೆ, ಕೋಟೆ ಮೂರನ್ನೂ ನೋಡಿ ಸಂಜೆಗೆ ಊರು ಸೇರಬಹುದು.